ಗೋದಿ ಇಲ್ದ ಮಿನೆಸ್ಟ್ರೋನಿ ಹೆಂಗ್ ಮಾಡೋದ್ರಿ?

ಪ್ರಶ್ನೆ: ಅಕ್ಕಾರೆ, ನಮ್ಮ ಮಗಳಿಗಿ ಸೀಲಿಯಾಕ್ (ಗೋದಿ ತಿಂದ್ರ ಕರುಳಿಗಿ ಪೆಟ್ಟು ಬೀಳೋ ಬ್ಯಾನಿ) ಅದ ಅಂತ ಡಾಕ್ಟರು ಗೋದಿ ಪೂರಾ ಬಂದ್ ಮಾಡ್ಸ್ಯಾರ. ಆಕಿಗಿ ಮಿನೆಸ್ಟ್ರೋನಿ, ಅಂದ್ರ ಇಟಲಿಯ ಕಾಯಿಪಲ್ಯೆ ಸೂಪೇ ಬೇಕಂತ, ಪಾಸ್ತಾ ಇಲ್ದ ಮಾಡ್ಲಿಕ್ಕಿ ಬರ್ತದೇನ್ರಿ?
– ಓದುಗರು, ಕಲಬುರಗಿ

ಉತ್ತರ: ಯಾಕ್ ಬರಂಗಿಲ್ರಿ! ಇಟಲಿಯಾಗೇ ಇದಕ್ಕ ಒಂದೇ ರೆಸಿಪಿ ಅಂತಿಲ್ಲ, ಮಿಲಾನ್ ಕಡಿ ಪಾಸ್ತಾ ಬದ್ಲಿ ಅಕ್ಕಿ ಹಾಕ್ತಾರ, ನಾಕು ಮಂದಿಗಿ ಅರ್ಧ ಕಪ್ ಸಾಕು. ಜ್ವಾಳದಾಗೂ ಗ್ಲೂಟನ್ (ಸೀಲಿಯಾಕ್ ಇದ್ದವ್ರಿಗಿ ಆಗಿಬರದ, ಗೋದಿಯಾಗಿನ ಪ್ರೋಟೀನ್) ಇಲ್ಲ, ಇಡೀ ಜ್ವಾಳ ರಾತ್ರಿ ನೆನಸಿ ಕುಕ್ಕರಿನಾಗ ಮೆತ್ತಗ ಕುದಸಿ ಹಾಕಿದ್ರ ಇನ್ನಾ ಛಂದ, ನನಗಂತೂ ಅದೇ ಸೇರ್ತದ.

ರಾಜ್ಮಾನೂ ರಾತ್ರಿನೇ ನೆನಸಿ, ಆ ನೀರು ಚೆಲ್ಲಿ, ಬ್ಯಾರೆ ಕುದಸ್ಕೋರಿ, ಟಮಾಟಿ ಮೊದ್ಲೇ ಹಾಕಿದ್ರ ಹುಳಿಗಿ ಕಾಳು ಜಲ್ದಿ ಮೆತ್ತಗ ಆಗಂಗಿಲ್ಲ. ಆಮ್ಯಾಲ ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಜ್ಜರಿ ಎಣ್ಣಿಯಾಗ ಸಣ್ಣ ಉರಿ ಮ್ಯಾಲ ಹತ್ತು ನಿಮಿಷ ಬಾಡಸ್ರಿ (ರುಚಿ ಎಲ್ಲಾ ಇಲ್ಲೇ ಅದ, ಅವಸರ ಬ್ಯಾಡ), ಟಮಾಟಿ, ಬೀನ್ಸ್, ಕುದಸಿದ ರಾಜ್ಮಾ, ಅಕ್ಕಿ ಇಲ್ಲಾ ಜ್ವಾಳ, ನೀರು ಹಾಕಿ ಕುದಸಿ, ಪಾಲಕ್ ಕಡಿಗಿ. ಗಟ್ಟಿ ಬೇಕಂದ್ರ ಮೈದಾ ಮುಟ್ಟಬ್ಯಾಡ್ರಿ, ಒಂದು ಸೌಟು ರಾಜ್ಮಾ ಅರೆದು ಹಾಕ್ರಿ.

ಖರೆ ಹುಷಾರಿ ಇರಬೇಕಾಗಿದ್ದು ಸೂಪ್ ಕ್ಯೂಬಿನಾಗ, ಮತ್ತ ಇಂಗಿನಾಗ. ಡಬ್ಬಿ ಇಂಗಿಗಿ ಭಾಳ ಸಲ ಗೋದಿ ಹಿಟ್ಟು ಕೂಡಸಿರ್ತಾರ, ಲೇಬಲ್ ಓದ್ರಿ. ಗಿರಣಿಯಾಗ ಗೋದಿ ಬೀಸಿದ ಮ್ಯಾಲ ನಿಮ್ಮ ಜ್ವಾಳ ಬೀಸಿದ್ರೂ ಅದರಾಗ ಗೋದಿ ಕೂಡ್ತದ, ಅದಕ್ಕೇ ಸೂಪಿಗಿ ಇಡೀ ಕಾಳೇ ಆರಿಸಿ, ತೊಳೆದು ಹಾಕ್ರಿ.