ತೋಳಿನ ಮೇಲೆ ಹೃದಯ: ಹೊಗಳಿಕೆಯಾ, ಬೈಗುಳವಾ?

ಮ್ಯಾನೇಜರ್ ನಿಮಗೆ ‘ಯು ವೇರ್ ಯುವರ್ ಹಾರ್ಟ್ ಆನ್ ಯುವರ್ ಸ್ಲೀವ್’ ಅಂದರು, ಇದು ಹೊಗಳಿಕೆಯಾ ಬೈಗುಳವಾ ಅಂತ ಕೇಳಿದ್ದೀರಿ. ಬೈಗುಳ ಅಲ್ಲ, ಗಾಬರಿ ಬೇಡ. ಮನಸ್ಸಿನಲ್ಲಿರುವುದನ್ನು ನೀವು ಮುಚ್ಚಿಡುವುದಿಲ್ಲ, ಎಲ್ಲ ಹೊರಗೆ ಕಾಣುತ್ತದೆ ಎಂದರ್ಥ. ಆದರೆ ಆಫೀಸಿನಲ್ಲಿ ಹೇಳಿದರೆ ‘ಸ್ವಲ್ಪ ಹುಷಾರು’ ಅನ್ನುವ ಧ್ವನಿಯೂ ಇರಬಹುದು. ಯಾವಾಗ ಹೇಳಿದರು ಅಂತ ನೆನಪಿಸಿಕೊಳ್ಳಿ.

ಶೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕದಲ್ಲಿ ಈ ಮಾತು ಬರುತ್ತದೆ. ಆಡುವವನು ಇಯಾಗೊ. ಒಳಗೊಂದು ಹೊರಗೊಂದು ಇರುವ ಆಸಾಮಿ! ಹೃದಯವನ್ನು ತೋಳಿನ ಮೇಲೆ ಇಟ್ಟುಕೊಂಡರೆ ಕಾಗೆ ಜಾತಿಯ ಹಕ್ಕಿಗಳು ಬಂದು ಕುಕ್ಕುತ್ತವೆ ಅನ್ನುವುದು ಅವನ ಲೆಕ್ಕ. ನಿಮ್ಮ ಮ್ಯಾನೇಜರ್ ಅಷ್ಟು ದೂರ ಯೋಚಿಸಿರಲಿಕ್ಕಿಲ್ಲ ಬಿಡಿ.

ಇನ್ನು ನೀವು ಕೇಳಿದ ‘ಈಟ್ ಯುವರ್ ಹಾರ್ಟ್ ಔಟ್’. ಇದರಲ್ಲಿ ತಿನ್ನುವ ಮಾತೇ ಇಲ್ಲ. ‘ನೋಡಿ ಹೊಟ್ಟೆ ಉರ್ಕೋ’ ಅಂತ ತಮಾಷೆಗೆ ಹೇಳುವುದು. ಒಳಗೊಳಗೇ ಕೊರಗುವುದು ಅನ್ನುವ ಅರ್ಥವೂ ಇದೆ. ಅವರು ಹೃದಯಕ್ಕೆ ಹಚ್ಚಿದ ಸಂಕಟವನ್ನು ನಾವು ಹೊಟ್ಟೆಗೆ ಹಚ್ಚಿದ್ದೇವೆ, ಅಲ್ವಾ? ‘ಹಾರ್ಟ್ ಇನ್ ಮೈ ಮೌತ್’ ಮಾತ್ರ ಸುಲಭ. ನಮ್ಮ ‘ಜೀವ ಬಾಯಿಗೆ ಬಂತು’ ಅದೇ.

ನೀವು ಕೇಳದ ಒಂದು ಮಾತು, ಸುಮ್ನೆ ಹೇಳ್ತೀನಿ. ನಾವು ‘ಬೈಹಾರ್ಟ್ ಮಾಡಿದೆ’ ಅಂತ ಹೇಳಿ ಹೇಳಿ ‘ಐ ಬೈಹಾರ್ಟೆಡ್ ಇಟ್’ ಅಂದುಬಿಡುತ್ತೇವೆ. ಇಂಗ್ಲೆಂಡಿನವರಿಗೆ ಅದು ವಿಚಿತ್ರವಾಗಿ ಕೇಳಿಸುತ್ತದೆ. ‘ಲರ್ನ್ಡ್ ಇಟ್ ಬೈ ಹಾರ್ಟ್’ ಅನ್ನಿ. ನಮ್ಮಲ್ಲಾದರೆ ಅದು ಬಾಯಿಪಾಠ.