ಮಳೆಯಿಲ್ಲದ ದಿನವೂ ಮಹಾಬಲಿಪುರದ ಕಡಲತೀರದ ಗುಡಿಯ ಕಲ್ಲು ಸವೆಯುವುದು ಏಕೆ?

ಮುಖ್ಯ ಕಾರಣ ಉಪ್ಪು. ಕಡಲಗಾಳಿ ತಂದ ಉಪ್ಪು ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಸೇರಿಕೊಳ್ಳುತ್ತದೆ. ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿದಿಡಬಲ್ಲ ಗರಿಷ್ಠ ತೇವದಲ್ಲಿ ಈಗ ಎಷ್ಟು ಪಾಲಿದೆ ಎಂಬ ಅಳತೆ) ಸುಮಾರು 75% ದಾಟಿದರೆ ಅದು ಗಾಳಿಯ ತೇವ ಹೀರಿ ಕರಗುತ್ತದೆ. ಬಿಸಿಲೇರಿ ಆರ್ದ್ರತೆ ಇಳಿದಾಗ ಮತ್ತೆ ಹರಳುಗಟ್ಟಿ ರಂಧ್ರದ ಗೋಡೆಯನ್ನು ಒತ್ತುತ್ತದೆ. ಇದು ಮತ್ತೆ ಮತ್ತೆ ನಡೆದು ಕೆತ್ತನೆ ಪುಡಿಯಾಗಿ ಉದುರುತ್ತದೆ. ಈ ಗುಡಿಯ ಕಲ್ಲಾದ ಗ್ರಾನೈಟ್ ಗಟ್ಟಿ, ನಿಜ. ಆದರೆ ಬಿಸಿಲಿಗೆ ಅದರ ಖನಿಜಗಳಲ್ಲಿ ಕ್ವಾರ್ಟ್ಸ್ ಕಣಗಳು ಫೆಲ್ಡ್‌ಸ್ಪಾರ್‌ಗಿಂತ ಹೆಚ್ಚು ಹಿಗ್ಗಿ, ನಡುವೆ ಕೂದಲೆಳೆಯಂಥ ಬಿರುಕು ಬಿಟ್ಟು, ಉಪ್ಪಿಗೆ ದಾರಿ ಮಾಡಿಕೊಡುತ್ತವೆ.

ಪರಿಹಾರವಾಗಿ, ಬಟ್ಟಿ ಇಳಿಸಿದ ನೀರಲ್ಲಿ ನೆನೆಸಿದ ಕಾಗದದ ತಿರುಳನ್ನು ಕಲ್ಲಿಗೆ ಮೆತ್ತಿ, ಒಣಗಿದ ಮೇಲೆ ಕೀಳುತ್ತಾರೆ. ಉಪ್ಪು ತಿರುಳಿಗೆ ಬಂದಿರುತ್ತದೆ. ತಿರುಳು ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದಾಗ ಬೆಳ್ಳಗಾಗುತ್ತಿದ್ದರೆ ಉಪ್ಪು ಇನ್ನೂ ಬರುತ್ತಿದೆ ಎಂದರ್ಥ; ಇನ್ನೊಂದು ಸುತ್ತು ಬೇಕು. ಸಿಮೆಂಟ್ ತೇಪೆ ಮಾತ್ರ ಬೇಡವೇ ಬೇಡ: ಅದು ತೇವವನ್ನು ತಡೆದು, ಪಕ್ಕದ ಕಲ್ಲನ್ನೇ ಉದುರಿಸುತ್ತದೆ.