ಯೋಧರ ಸ್ಮಾರಕ ಉದ್ಯಾನ: ಕಟ್ಟುವ ಮುನ್ನ, ಕಟ್ಟಿದ ಮೇಲೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪುಣೆ, ಮುಂಬಯಿ, ಗೋವಾದ ಕನ್ನಡ ಸಂಘಗಳಿಂದ, ವಸತಿ ಸೊಸೈಟಿಗಳಿಂದ ಬಂದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಕೂಡಿಸಿ ಇಲ್ಲಿ ಉತ್ತರಿಸಿದೆ.

ನಮ್ಮ ಸೊಸೈಟಿಯಲ್ಲಿ ಸುಮಾರು 6 ಗುಂಟೆ ಖಾಲಿ ಜಾಗ ಇದೆ. ಸ್ಮಾರಕ ಉದ್ಯಾನ ಮಾಡಬೇಕೆಂದಿದ್ದೇವೆ. ಹೊರಗಿನ ಚೌಕದಲ್ಲೇ ಮಾಡಿದರೆ ನಾಲ್ಕು ಜನಕ್ಕೆ ಕಾಣುತ್ತದೆ ಎಂದು ಕೆಲವರ ವಾದ. ಎಲ್ಲಿಂದ ಶುರು ಮಾಡಬೇಕು? (ನಿಗಡಿ, ಪುಣೆ)

ಚೌಕದ ಮಾತು ಬಿಡಿ. ರಸ್ತೆ, ಫುಟ್‌ಪಾತ್ ಮತ್ತಿತರ ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆಗಾಗಲಿ ಕಟ್ಟಡಕ್ಕಾಗಲಿ ಅನುಮತಿ ಕೊಡಕೂಡದು ಎಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದೇ ರಾಜ್ಯ ಸರ್ಕಾರಗಳಿಗೆ ಹೇಳಿದೆ. ಯಾರದೋ ಬಾಯಿಮಾತಿನ ಭರವಸೆ ನಂಬಿ ಕಟ್ಟಿದರೆ ನಾಳೆ ಒಡೆಯುವುದನ್ನೂ ನೀವೇ ನೋಡಬೇಕಾದೀತು.

ಸೊಸೈಟಿಯ ಜಾಗವೇ ಸರಿ. ಆದರೆ ಮಂಜೂರಾದ ನಕ್ಷೆಯಲ್ಲಿ ಅದು ಏನೆಂದು ಇದೆ ನೋಡಿ. ‘ಓಪನ್ ಸ್ಪೇಸ್’ ಎಂದಿದ್ದರೆ ಪಾಲಿಕೆಯ ಲಿಖಿತ ಒಪ್ಪಿಗೆ ಇಲ್ಲದೆ ಗೋಡೆ, ಸ್ತಂಭ ಎಬ್ಬಿಸಬೇಡಿ. ಮಹಾಸಭೆಯಲ್ಲಿ ಠರಾವು ಮಾಡಿ, ಅದರಲ್ಲಿ ಮೂರು ಸಂಗತಿ ಬರೆಯಿಸಿ: ನೀರು ಮತ್ತು ಕರೆಂಟಿನ ಬಿಲ್ ಯಾರದು, ಹೊಸ ಹೆಸರು ಸೇರಿಸುವ ಅಧಿಕಾರ ಯಾರದು, ಸಮಿತಿ ನಿಂತುಹೋದರೆ ಉದ್ಯಾನ ಯಾರ ಸುಪರ್ದಿಗೆ. ಪ್ರತ್ಯೇಕ ಟ್ರಸ್ಟ್ ಬೇಕೆಂದರೆ 1950ರ ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯ್ದೆಯಡಿ ಚ್ಯಾರಿಟಿ ಕಮಿಷನರ್ ಕಚೇರಿಯಲ್ಲಿ ನೋಂದಣಿ ಆಗಬೇಕು.

6 ಗುಂಟೆ ಎಂದರೆ ಸುಮಾರು 600 ಚದರ ಮೀಟರ್. ನೂರು ಜನ ನಿಲ್ಲಲು 80 ಚದರ ಮೀಟರ್ ಕಲ್ಲುಹಾಸು, 1.8 ಮೀಟರ್ ಅಗಲದ ದಾರಿ, 1:12ಕ್ಕಿಂತ ಕಡಿದಲ್ಲದ ರ‍್ಯಾಂಪು, ಕೈಯೂರಿ ಏಳಲು ಹಿಡಿ ಇರುವ ಬೆಂಚು. ಬರುವವರಲ್ಲಿ ಎಪ್ಪತ್ತು ದಾಟಿದವರೇ ಹೆಚ್ಚು, ಮೊಣಕಾಲಿನ ಯೋಚನೆ ಮೊದಲು ಮಾಡಿ. ಹುಲ್ಲುಹಾಸು ಕಾಲು ಭಾಗ ಮೀರದಿರಲಿ. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 4–5 ಲೀಟರ್ ನೀರು ಕುಡಿಯುತ್ತದೆ. 150 ಚದರ ಮೀಟರಿಗೆ ದಿನಕ್ಕೆ 600ರಿಂದ 750 ಲೀಟರ್ ಆಯಿತು. ಸೊಸೈಟಿಯ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕದ) ನೀರು ಇದ್ದರೆ ಮಾತ್ರ ಆ ಆಸೆ ಇಟ್ಟುಕೊಳ್ಳಿ.

ಇನ್ನು ದುಡ್ಡು. ಅರ್ಧ ದಿನದ ಮಾಲಿಗೆ ತಿಂಗಳಿಗೆ 10 ಸಾವಿರ, ನೀರು-ಕರೆಂಟಿಗೆ 3 ಸಾವಿರ, ಬಾವುಟ, ಬಣ್ಣ, ಸಂದು ತುಂಬುವುದಕ್ಕೆ 2 ಸಾವಿರ ಹಿಡಿದರೂ ವರ್ಷಕ್ಕೆ 1.8 ಲಕ್ಷ. ಠೇವಣಿಯ ಬಡ್ಡಿ ಶೇ. 6.5 ಎಂದುಕೊಂಡರೆ ಇಷ್ಟು ಹುಟ್ಟಲು 27–28 ಲಕ್ಷ ಬ್ಯಾಂಕಿನಲ್ಲಿರಬೇಕು. ಉದ್ಘಾಟನೆಗೆ ದೇಣಿಗೆ ಕೊಡುವವರು ಸಿಗುತ್ತಾರೆ, ನಾಲ್ಕನೇ ವರ್ಷದ ಮಾಲಿಯ ಸಂಬಳಕ್ಕೆ ಯಾರೂ ಸಿಗುವುದಿಲ್ಲ. ಕೂಡಿದ ಹಣದಲ್ಲಿ ಅರ್ಧವನ್ನು ಮುಟ್ಟದೆ ಇಡಿ, ಉಳಿದರ್ಧಕ್ಕೆ ತಕ್ಕಷ್ಟೇ ಕಟ್ಟಿ. ಜನರ ದುಡ್ಡಿನಲ್ಲಿ ದೊಡ್ಡದೂ ಆಗುತ್ತದೆ, ಇಲ್ಲವೆಂದಲ್ಲ. ಪುಣೆ ಕ್ಯಾಂಪಿನ ದಕ್ಷಿಣ ಕಮಾಂಡ್ ಯುದ್ಧ ಸ್ಮಾರಕ ನಾಗರಿಕರ ದೇಣಿಗೆಯಿಂದಲೇ ಎದ್ದು 1998ರ ಆಗಸ್ಟ್ 15ರಂದು ಲೋಕಾರ್ಪಣೆಯಾಯಿತು. ಅದರ ಬೆನ್ನಿಗೆ ಸೈನ್ಯವಿದೆ, ನಿಮ್ಮ ಬೆನ್ನಿಗೆ ಸೊಸೈಟಿಯ ಮೇಂಟೆನನ್ಸ್ ಬಾಕಿದಾರರಿದ್ದಾರೆ.

ಕಲ್ಲಿನ ಮೇಲೆ ಯಾರ ಹೆಸರು, ಯಾವ ಕ್ರಮದಲ್ಲಿ ಕೆತ್ತಿಸಬೇಕು? ಬದುಕಿರುವ ನಿವೃತ್ತ ಯೋಧರದ್ದನ್ನೂ ಹಾಕಬಹುದೇ? ಕನ್ನಡ ಮರಾಠಿ ಎರಡೂ ಬೇಕೆಂದಿದ್ದೇವೆ. (ಚಿಂಚವಾಡ)

ಜಗಳ ಹುಟ್ಟುವುದು ಇಲ್ಲೇ. ಆದ್ದರಿಂದ ನಿಯಮ ಮೊದಲು, ಪಟ್ಟಿ ಆಮೇಲೆ. ‘ಯುದ್ಧದಲ್ಲಿ ಮಡಿದವರು’ ಎಂದು ಬರೆದುಕೊಂಡರೆ 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಕುಸಿತಕ್ಕೆ ಸಿಕ್ಕ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರಂಥವರು ಹೊರಗುಳಿಯುತ್ತಾರೆ. ‘ಸೇವೆಯಲ್ಲಿದ್ದಾಗ ಕರ್ತವ್ಯದ ಮೇಲೆ ತೀರಿಕೊಂಡವರು’ ಎಂದಿರಲಿ. ಬದುಕಿರುವವರ ಹೆಸರನ್ನು ಅದೇ ಗೋಡೆಗೆ ಹಾಕಬೇಡಿ. ಅವರಿಗೆ ಬೇರೆ ಫಲಕ, ಬೇರೆ ಮೂಲೆ. ತಲೆಕೆಳಗಾದ ಬಂದೂಕಿನ ಮೇಲೆ ಶಿರಸ್ತ್ರಾಣ ಇಟ್ಟ ಚಿಹ್ನೆ ಮಡಿದವರದ್ದು. ಬದುಕಿರುವ ಸುಬೇದಾರರ ಹೆಸರಿನ ಮೇಲೆ ಅದನ್ನು ಕೆತ್ತಿಸುವುದು ಅಪಶಕುನವಷ್ಟೇ ಅಲ್ಲ, ತಪ್ಪು.

ಕ್ರಮಕ್ಕೆ ತೀರಿಕೊಂಡ ತಾರೀಖು ಹಿಡಿಯಿರಿ. ಹುದ್ದೆಯ ಕ್ರಮ ಹಿಡಿದರೆ ಸಿಪಾಯಿ ಕೊನೆಗೆ ಬೀಳುತ್ತಾನೆ. ಅಕ್ಷರಕ್ರಮ ಹಿಡಿದರೆ ಕನ್ನಡದಲ್ಲಿ ಇನಿಷಿಯಲ್ ಮೊದಲು, ಮರಾಠಿ ಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಎರಡು ಗೋಡೆ ತಾಳೆಯಾಗುವುದಿಲ್ಲ. ಖಡ್ಕಿಯ ಕಾಮನ್‌ವೆಲ್ತ್ ಯುದ್ಧ ಸ್ಮಶಾನಕ್ಕೆ ಒಮ್ಮೆ ಹೋಗಿ ಬನ್ನಿ. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ತಾರೀಖಿನ ಕ್ರಮದಲ್ಲಿ ಇನ್ನೊಂದು ಅನುಕೂಲ, ಹೊಸ ಹೆಸರು ಕೊನೆಗೇ ಬರುತ್ತದೆ. ಗೋಡೆಯ ಮೂರನೇ ಒಂದು ಭಾಗ ಖಾಲಿ ಬಿಡಿ.

ಪ್ರತಿ ಹೆಸರಿಗೂ ಎರಡು ದಾಖಲೆ ಬೇಕು: ಕುಟುಂಬದ ಬಳಿಯ ಡಿಸ್ಚಾರ್ಜ್ ಬುಕ್ ಅಥವಾ ಪಿಂಚಣಿ ಆದೇಶ ಒಂದು, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಅಥವಾ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಯ ಪತ್ರ ಇನ್ನೊಂದು. ಮರಾಠಾ ಲಘು ಪದಾತಿದಳವಾದರೆ ಬೆಳಗಾವಿಗೆ, ಮದ್ರಾಸ್ ಸ್ಯಾಪರ್ಸ್ (ಸೈನ್ಯದ ಎಂಜಿನಿಯರ್ ದಳ) ಆದರೆ ಬೆಂಗಳೂರಿಗೆ, ಬಾಂಬೆ ಸ್ಯಾಪರ್ಸ್ ಆದರೆ ಇಲ್ಲೇ ಖಡ್ಕಿಗೆ ಬರೆಯಿರಿ. ‘ಸುಬೇದಾರ್ ಮೇಜರ್’ ಎಂಬುದರಲ್ಲಿ ಸುಬೇದಾರ್ ಬಿಟ್ಟುಹೋದರೆ ಆತ ಮೇಜರ್ ಆಗಿಬಿಡುತ್ತಾರೆ. ಪದಕದಲ್ಲೂ ಹಾಗೆಯೇ: ಪರಮವೀರ, ಮಹಾವೀರ, ವೀರ ಚಕ್ರಗಳು ಶತ್ರುವಿನೆದುರಿನ ಶೌರ್ಯಕ್ಕೆ, ಅಶೋಕ, ಕೀರ್ತಿ, ಶೌರ್ಯ ಚಕ್ರಗಳು ಬೇರೆ ಸಂದರ್ಭದ ಶೌರ್ಯಕ್ಕೆ. ರಾಷ್ಟ್ರಲಾಂಛನದ ಸಿಂಹವನ್ನು ಖಾಸಗಿಯಾಗಿ ಬಳಸಲು 2005ರ ಕಾಯ್ದೆಯ ಅಡ್ಡಿ ಇದೆ. ರೆಜಿಮೆಂಟಿನ ಚಿಹ್ನೆ ಬೇಕಾದರೆ ಆಯಾ ಕೇಂದ್ರದ ಲಿಖಿತ ಒಪ್ಪಿಗೆ ತರಿಸಿ.

ಈಗ ಅಕ್ಷರ. ಪುಣೆಯ ಕಲ್ಲುಕೆಲಸದವರ ಕಂಪ್ಯೂಟರಿಗೆ ಕನ್ನಡ ಅಪರೂಪದ ಅತಿಥಿ. ನೀವು ವಾಟ್ಸ್ಆ್ಯಪಿನಲ್ಲಿ ಕಳಿಸಿದ ‘ಕರ್ನಾಟಕ’ ಅಲ್ಲಿನ ಸ್ಟೆನ್ಸಿಲ್ ಸಾಫ್ಟ್‌ವೇರಿನಲ್ಲಿ ಅರ್ಕಾವತ್ತು ಜಾರಿ, ಒತ್ತಕ್ಷರ ಪಕ್ಕಕ್ಕೆ ಬಂದು ಬೇರೇನೋ ಆಗುತ್ತದೆ, ಅವರಿಗೆ ಅದು ಗೊತ್ತಾಗುವುದೂ ಇಲ್ಲ. ಪಠ್ಯ ಕಳಿಸಬೇಡಿ. ಡಿಟಿಪಿಯವರಿಂದ ಅಕ್ಷರಗಳನ್ನು ಗೆರೆಚಿತ್ರವಾಗಿ ಮಾರ್ಪಡಿಸಿದ ಪಿಡಿಎಫ್ ಕೊಡಿ. ಅಕ್ಷರದ ಎತ್ತರ 25 ಮಿಲಿಮೀಟರಿಗಿಂತ ಕಡಿಮೆಯಾದರೆ, ಕಲ್ಲಿಗೆ ರಬ್ಬರ್ ಸ್ಟೆನ್ಸಿಲ್ ಅಂಟಿಸಿ ಮರಳು ಸಿಡಿಸಿ ಕೆತ್ತುವಾಗ ‘ಷ’, ‘ಘ’ಗಳ ಒಳಗಿನ ಸಣ್ಣ ರಬ್ಬರ್ ತುಣುಕು ಹಾರಿಹೋಗಿ ಅಕ್ಷರ ಬರಿಯ ಗುಳಿಯಾಗುತ್ತದೆ. 30 ಮಿಲಿಮೀಟರ್ ಇಡಿ, ಆಳ 2–3 ಮಿಲಿಮೀಟರ್, ಸಾಲಿನಿಂದ ಸಾಲಿಗೆ ಮರಾಠಿಗಿಂತ ಹೆಚ್ಚು ಅಂತರ. ‘ಷ್ಟ್ರ’ದ ಬಾಲ ಕೆಳಗಿನ ಸಾಲಿನ ದೀರ್ಘಕ್ಕೆ ತಾಗಬಾರದು. ಕೆತ್ತುವ ಮುನ್ನ ನಿಜ ಅಳತೆಯ ಕಾಗದದ ಪ್ರತಿ ತೆಗೆದು ಆಯಾ ಮನೆಯವರ ಸಹಿ ಹಾಕಿಸಿ. ಒಂದು ಹೆಸರು ತಪ್ಪಿದರೆ ಇಡೀ ಕಲ್ಲುಹಲಗೆ ಹೊಸದಾಗಬೇಕು, ತೇಪೆ ಹಾಕಿದ್ದು ಹತ್ತು ಅಡಿ ದೂರದಿಂದಲೂ ಕಾಣುತ್ತದೆ.

ಹೊಳಪಿನ ಕಪ್ಪು ಗ್ರಾನೈಟಿನ ಮೇಲೆ ಕೆತ್ತಿದ ಅಕ್ಷರ ಬಣ್ಣವಿಲ್ಲದೆಯೂ ಬಿಳಿಚಾಗಿ ಎದ್ದು ಕಾಣುತ್ತದೆ, ಮಳೆಗೆ ತೊಯ್ದಾಗ ಮಾತ್ರ ಮರೆಯಾಗುತ್ತದೆ. ಇಳಕಲ್ಲಿನ ಕೆಂಪು ಕಲ್ಲಿಗೆ ಬಣ್ಣ ತುಂಬಲೇಬೇಕು. ಚಿನ್ನದ ಬಣ್ಣ ಬಿಸಿಲಿಗೆ ಬೇಗ ಮಂಕಾಗುತ್ತದೆ, ನಮ್ಮ ಆಯ್ಕೆ ಬಿಳಿ.

ಕಟ್ಟಿ ಎರಡು ವರ್ಷವಾಗಿಲ್ಲ, ಸ್ತಂಭ ಒಂದು ಕಡೆ ವಾಲಿದೆ. ಕಲ್ಲಿನ ಸಂದಿನಿಂದ ಬಿಳಿ ಪುಡಿ ಇಳಿಯುತ್ತಿದೆ. ಗುತ್ತಿಗೆದಾರ ‘ಆ್ಯಸಿಡ್ ಹಾಕಿ ತೊಳೆದರೆ ಹೋಗುತ್ತೆ’ ಎನ್ನುತ್ತಾನೆ. (ಹಡಪಸರ)

ಆ್ಯಸಿಡ್ ಮುಟ್ಟಿಸಬೇಡಿ. ಸಂದಿನ ಗಾರೆಯನ್ನು ತಿನ್ನುತ್ತದೆ, ಕಬ್ಬಿಣದ ಅಂಶವಿರುವ ಕಲ್ಲಿಗೆ ಹಳದಿ ಕಲೆ ಹಿಡಿಸುತ್ತದೆ.

ನಿಮ್ಮಲ್ಲಿ ಎರಡು ಬೇರೆ ರೋಗಗಳಿವೆ. ವಾಲುವುದು ಎರೆಮಣ್ಣಿನ ಕೆಲಸ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಸ್ತಂಭದ ಒಂದು ಮಗ್ಗುಲಿಗೆ ದಿನಾ ನೀರುಣ್ಣುವ ಹುಲ್ಲುಹಾಸು, ಇನ್ನೊಂದಕ್ಕೆ ಒಣ ಕಲ್ಲುಹಾಸು ಇದ್ದರೆ ಒಂದು ಕಡೆ ಎತ್ತಿ ಇನ್ನೊಂದು ಕಡೆ ಕೂರುತ್ತದೆ. ತಕ್ಷಣ ರಿಪೇರಿಗೆ ಇಳಿಯಬೇಡಿ. ತೂಗುಗುಂಡು ಇಳಿಬಿಟ್ಟು ಬುಡದಲ್ಲಿ ಗುರುತು ಮಾಡಿ, ಬಿರುಕಿನ ತುದಿಗೆ ಪೆನ್ಸಿಲಿನಿಂದ ತಾರೀಖು ಬರೆದು, ಒಂದು ಮಳೆಗಾಲ ಒಂದು ಬೇಸಿಗೆ ತಿಂಗಳಿಗೊಮ್ಮೆ ನೋಡಿ. ಸ್ತಂಭ ಎತ್ತರದ್ದಾಗಿ ವಾಲಿಕೆ ಕಣ್ಣಿಗೆ ಕಾಣುವಷ್ಟಿದ್ದರೆ ಈ ನಡುವೆ ಸುತ್ತ ಬೇಲಿ ಹಾಕಿ ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸಿ. ಬುಡದ ಸುತ್ತ 1.5 ಮೀಟರ್ ಹುಲ್ಲು ಕಿತ್ತು, ಹೊರಗಿಳಿಯುವ ಕಲ್ಲುಹಾಸು ಹಾಕಿ ನೀರು ದೂರ ತಳ್ಳಿದರೆ ಚಲನೆ ಎಷ್ಟೋ ಕಡಿಮೆಯಾಗುತ್ತದೆ.

ಹೊಸದಾಗಿ ಕಟ್ಟುವವರಿಗೆ: ಎರೆಮಣ್ಣು ಪೂರ್ತಿ ತೆಗೆದು ಕೆಳಗಿನ ಗಟ್ಟಿ ಮುರುಮಿಗೆ (ಗರಸು ಮಣ್ಣಿಗೆ) ಇಳಿಯಿರಿ. 100 ಮಿಲಿಮೀಟರ್ ಬೆಡ್ ಕಾಂಕ್ರೀಟ್, ಅದರ ಮೇಲೆ ಕಬ್ಬಿಣ ಕಟ್ಟಿದ ಪಾಯ. ಗುಂಡಿ ಮುಚ್ಚಲು ಮುರುಮನ್ನೇ ಪದರ ಪದರವಾಗಿ ಕುಟ್ಟಿ ಹಾಕಿಸಿ. ಅಗೆದ ಕರಿಮಣ್ಣನ್ನೇ ವಾಪಸ್ ಸುರಿಯುತ್ತಾರೆ, ಎದುರು ನಿಲ್ಲದಿದ್ದರೆ ಖಂಡಿತ ಸುರಿಯುತ್ತಾರೆ.

ಬಿಳಿ ಪುಡಿ ಸುಣ್ಣದ ಅಂಶ. ಹಲಗೆಯ ಹಿಂದಿನ ಸಿಮೆಂಟಿಗೆ ನೀರು ಇಳಿದು, ಕರಗಿಸಿಕೊಂಡು ಸಂದಿನಲ್ಲಿ ಹೊರಬಂದು ಒಣಗುತ್ತದೆ. ನೀರು ಇಳಿಯುವುದು ಮೇಲಿನ ಮುಚ್ಚುಕಲ್ಲಿನಿಂದ. ಮುಚ್ಚುಕಲ್ಲಿಗೆ ಇಳಿಜಾರು, ಸುತ್ತ 40–50 ಮಿಲಿಮೀಟರ್ ಚಾಚು, ಚಾಚಿನ ಅಡಿ ಹನಿ ತಡೆಯುವ ಗೀರು ಇದೆಯೇ ನೋಡಿ. ಗೀರಿಲ್ಲದಿದ್ದರೆ ನೀರು ಅಡಿಯಲ್ಲೇ ಹರಿದು ಗೋಡೆಗೆ ಬರುತ್ತದೆ. ಮೇಲಿನ ಸಂದುಗಳನ್ನು ಹೊಸದಾಗಿ ಮುಚ್ಚಿಸಿ, ತಳದಲ್ಲಿ ನೀರು ಹೊರಬರಲು ತೂತು ಬಿಡಿಸಿ, ಪುಡಿಯನ್ನು ಒಣ ಬ್ರಶ್‌ನಿಂದ ಉಜ್ಜಿ. ಜೊತೆಗೆ ಮರದ ಹಿಡಿಯಿಂದ ಪ್ರತಿ ಹಲಗೆ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಸಿಮೆಂಟು ಬಿಟ್ಟಿದೆ. ತಲೆಮಟ್ಟದ ಮೇಲಿನ ಹಲಗೆಗೆ ಬರಿಯ ಸಿಮೆಂಟು ಸಾಲದು, ಸ್ಟೇನ್‌ಲೆಸ್ ಕ್ಲಾಂಪು ಬೇಕೇ ಬೇಕು.

ಸ್ಟೇನ್‌ಲೆಸ್ ಸ್ಟೀಲ್ ಅಕ್ಷರ ಎಂದು ಹಾಕಿಸಿದ್ದೇವೆ, ಒಂದೇ ಮಳೆಗಾಲಕ್ಕೆ ಕಂದು ಕಲೆ. ಪೀಠ ಚಿರೇಕಲ್ಲಿನದು (ಜಂಬಿಟ್ಟಿಗೆ), ಸಿಮೆಂಟ್ ಗಿಲಾಯಿ ಉದುರುತ್ತಿದೆ. (ವಾಸ್ಕೊ, ಗೋವಾ)

ನಿಮಗೆ ಕೊಟ್ಟಿದ್ದು 304 ದರ್ಜೆಯದಿರಬೇಕು. ಕಡಲ ಗಾಳಿಗೆ 316 ಬೇಕು, ಅದನ್ನೂ ಆಗಾಗ ಸಿಹಿನೀರಿನಲ್ಲಿ ಒರೆಸಬೇಕು. ಒಳಗಿನ ಮೊಳೆ, ಬೋಲ್ಟು ಮಾಮೂಲಿ ಕಬ್ಬಿಣದ್ದಾಗಿದ್ದರೆ ಇನ್ನೂ ಕೆಟ್ಟದ್ದು: ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಲ್ಲನ್ನೇ ಸೀಳುತ್ತದೆ. ಹಿತ್ತಾಳೆ ಅಕ್ಷರ ಹಾಕಿಸೋಣವೇ ಎಂದೂ ಕೇಳಿದ್ದೀರಿ. ಹಸಿರು ಕಿಲುಬು ಕಲ್ಲಿನ ಮೇಲೆ ಇಳಿಯುತ್ತದೆ, ಅದಕ್ಕೂ ಮೊದಲೇ ಕಳುವಾದೀತು. ಗೋವಾದಲ್ಲಿ ಕಲ್ಲಿನಲ್ಲೇ ಕೆತ್ತಿದ ಅಕ್ಷರಕ್ಕೆ ಸಮನಿಲ್ಲ.

ಚಿರೇಕಲ್ಲು ತೂತು ತೂತಾದ ಕಲ್ಲು, ನೀರು ಹೀರುತ್ತದೆ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಲ್ಲಿ ಅದರ ಮೇಲೆ ಗಟ್ಟಿ ಸಿಮೆಂಟು ಮೆತ್ತಿದರೆ ಒಳಗಿನ ನೀರಿಗೆ ಹೊರಬರಲು ದಾರಿಯಿಲ್ಲದೆ ಗಿಲಾಯಿಯನ್ನೇ ದೂಡುತ್ತದೆ. ಗಿಲಾಯಿ ಕೆಡವಿ, ಸಂದು ಮಾತ್ರ ತುಂಬಿಸಿ, ಕಲ್ಲು ಕಾಣುವಂತೆ ಬಿಡಿ. ಹೊಳಪಿನ ವಾರ್ನಿಷ್ ಬೇಡ. ನೀರು ತಡೆದೂ ಕಲ್ಲಿಗೆ ಉಸಿರಾಡಲು ಬಿಡುವ ಸಿಲೇನ್-ಸಿಲೋಕ್ಸೇನ್ ಲೇಪವನ್ನು ಏಪ್ರಿಲ್‌ನಲ್ಲಿ, ಕಲ್ಲು ಪೂರ್ತಿ ಒಣಗಿದಾಗ ಹೊಡೆಯಿಸಿ.

ನೂರು ಅಡಿ ಧ್ವಜಸ್ತಂಭ ಹಾಕಿಸಬೇಕೆಂದು ದಾನಿಯೊಬ್ಬರ ಹಟ. ಪಕ್ಕದಲ್ಲಿ ನಮ್ಮ ಹಳದಿ-ಕೆಂಪು ಬಾವುಟವನ್ನೂ ಹಾರಿಸಬಹುದೇ? (ಡೊಂಬಿವಲಿ)

ಕಂಬಕ್ಕೆ ದಾನಿ ಸಿಗುತ್ತಾರೆ, ಬಾವುಟಕ್ಕೆ? 30×20 ಅಡಿಯ ಬಟ್ಟೆ ಮುಂಬಯಿಯ ಜೂನ್ ಗಾಳಿಗೆ ತುದಿಯಿಂದ ಹರಿಯತೊಡಗುತ್ತದೆ, ಹರಿದ ಧ್ವಜ ಹಾರಿಸುವುದು ಭಾರತದ ಧ್ವಜ ಸಂಹಿತೆಗೆ ವಿರುದ್ಧ. 9ರಿಂದ 12 ಮೀಟರ್ ಕಂಬ, 2.7×1.8 ಮೀಟರ್ ಧ್ವಜ ಸಾಕು. ಮೂರು ಧ್ವಜ ಇಟ್ಟುಕೊಂಡು ಸರದಿಯಲ್ಲಿ ಹಾರಿಸಿ, ಸಿಡಿಲು ತಡೆ ಮತ್ತು ಅರ್ಥಿಂಗ್ ಮರೆಯಬೇಡಿ. 2022ರ ಜುಲೈ ತಿದ್ದುಪಡಿಯ ನಂತರ ಬಯಲಿನಲ್ಲಿ ಹಗಲೂ ರಾತ್ರಿಯೂ ಹಾರಿಸಬಹುದು; ರಾತ್ರಿ ದೀಪ ಇದ್ದರೆ ಲಕ್ಷಣ. ಬಿರುಗಾಳಿಯ ಮುನ್ಸೂಚನೆ ಇದ್ದಾಗ ಇಳಿಸಿಡುವುದರಲ್ಲಿ ಅಗೌರವವೇನಿಲ್ಲ. ಆದರೆ ಅರ್ಧಕ್ಕೆ ಇಳಿಸುವುದು ಸರ್ಕಾರದ ಆದೇಶವಿದ್ದಾಗ ಮಾತ್ರ, ಸಮಿತಿಯ ಇಚ್ಛೆಯಂತಲ್ಲ. ಕಂಬದ ತುದಿಗೆ ಹೂಮಾಲೆಯೂ ಕೂಡದು. ರಾಷ್ಟ್ರಧ್ವಜದ ಮಗ್ಗುಲಿಗೆ ಬೇರೆ ಬಾವುಟ ನಿಲ್ಲಿಸಬೇಡಿ. ಕನ್ನಡದ ಬಾವುಟ ಸಂಘದ ಕಟ್ಟಡದ ಮೇಲಿರಲಿ.

ಅಮರ ಜ್ಯೋತಿ ಇಡಬೇಕೆಂದಿದ್ದೇವೆ. ಸಿಲಿಂಡರನ್ನು ನೆಲದಡಿ ಗುಂಡಿಯಲ್ಲಿ ಮರೆಮಾಡಬಹುದೇ? (ವಾಕಡ, ಪುಣೆ)

ಬೇಡವೇ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ಗುಂಡಿಯಲ್ಲೇ ಕೂರುತ್ತದೆ, ಮೇಲೆ ಬೆಂಕಿ ಉರಿಯುತ್ತಿದೆ. ಖರ್ಚಿನ ಲೆಕ್ಕವನ್ನೂ ನೋಡಿ: ಗಂಟೆಗೆ 300 ಗ್ರಾಂ ಉರಿದರೆ ತಿಂಗಳಿಗೆ 216 ಕಿಲೋ, ಅಂದರೆ 19 ಕಿಲೋದ ಹನ್ನೊಂದು-ಹನ್ನೆರಡು ಸಿಲಿಂಡರು. ದಿಲ್ಲಿಯ ಇಂಡಿಯಾ ಗೇಟಿನಲ್ಲಿ 1972ರಿಂದ ಉರಿದ ಜ್ಯೋತಿಯೂ ಮೊದಲು ಸಿಲಿಂಡರಿನದ್ದೇ, ಆಮೇಲೆ ಕೊಳವೆ ಅನಿಲಕ್ಕೆ ಬಂತು. ಜುಲೈ 26ರ ಕಾರ್ಗಿಲ್ ವಿಜಯ ದಿನ, ಡಿಸೆಂಬರ್ 16ರ ವಿಜಯ ದಿನದಂಥ ಸಂದರ್ಭಗಳಲ್ಲಿ ಎಣ್ಣೆ ದೀಪ ಹಚ್ಚಿ, ಸಾಕು.

ಸೈನ್ಯದ ಹಳೆಯ ಟ್ಯಾಂಕ್ ಸಿಗುತ್ತದೆಯಂತೆ, ಹೌದೇ? (ಠಾಣೆ)

ಸೇವೆಯಿಂದ ತೆಗೆದ ಟ್ಯಾಂಕುಗಳನ್ನು ಪ್ರದರ್ಶನಕ್ಕೆ ಕೊಡುವ ಪದ್ಧತಿ ರಕ್ಷಣಾ ಇಲಾಖೆಯಲ್ಲಿದೆ. ತರುವ, ನಿಲ್ಲಿಸುವ, ನೋಡಿಕೊಳ್ಳುವ ಹೊರೆ ನಿಮ್ಮದು. ಟಿ-55 ಸುಮಾರು 36 ಟನ್, ವಿಜಯಂತ ಸುಮಾರು 39 ಟನ್. ಟ್ರೇಲರು ನಿಮ್ಮ ಗಲ್ಲಿಯಲ್ಲಿ ತಿರುಗುತ್ತದೆಯೇ, ದಾರಿಯ ಚರಂಡಿ ಹಲಗೆ ತಾಳುತ್ತದೆಯೇ ಎಂದು ಮೊದಲು ನೋಡಿ. ಬಂದ ಮೇಲೆ ಮುಚ್ಚಳಗಳನ್ನು ಬೆಸೆದು, ತೋಪಿನ ಬಾಯಿ ಮುಚ್ಚಿ (ಇಲ್ಲದಿದ್ದರೆ ಜೇನು ಕಟ್ಟುತ್ತದೆ), ಒಡಲಿನ ತಳದಲ್ಲಿ ನೀರಿಳಿಯುವ ತೂತು ತೆರೆದಿಡಿ. ತುಕ್ಕು ಶುರುವಾಗುವುದು ಒಳಗೆ ನಿಂತ ಮಳೆನೀರಿನಿಂದ. 6 ಗುಂಟೆಯಂಥ ಸಣ್ಣ ಜಾಗದಲ್ಲಿ ಟ್ಯಾಂಕ್ ಇಟ್ಟರೆ ಹೆಸರಿನ ಗೋಡೆಯನ್ನು ಯಾರೂ ನೋಡುವುದಿಲ್ಲ ಎಂಬುದೂ ನಿಮಗೆ ಗೊತ್ತಿರಲಿ.

ಒಬ್ಬೊಬ್ಬ ಯೋಧನ ಹೆಸರಲ್ಲಿ ಒಂದೊಂದು ಗಿಡ ನೆಟ್ಟು ಫಲಕ ಹಾಕಿದ್ದೆವು. ಕೆಲವು ಒಣಗಿ ಮನೆಯವರು ನೊಂದುಕೊಂಡಿದ್ದಾರೆ. (ಭೋಸರಿ)

ಹೆಸರು ಕಲ್ಲಿಗೆ, ಗಿಡಕ್ಕೆ ನಂಬರು. ಒಣಗಿದ ಗಿಡವನ್ನು ಆಗ ಸುಮ್ಮನೆ ಬದಲಿಸಬಹುದು. ಹೊಳೆದಾಸವಾಳ, ಬಕುಳ, ಹೊಂಗೆ, ಬೇವು ಪುಣೆಗೆ ಒಗ್ಗುತ್ತವೆ. ಹೊಳೆದಾಸವಾಳ ಮಹಾರಾಷ್ಟ್ರದ ರಾಜ್ಯಪುಷ್ಪವೂ ಹೌದು, ಇಲ್ಲಿಯವರು ತಾಮ್ಹಣ ಎನ್ನುತ್ತಾರೆ. ಗುಲ್‌ಮೊಹರ್ ಬೇಡ, ಮಳೆಗಾಲದಲ್ಲಿ ಕೊಂಬೆ ಮುರಿದು ಬೀಳುತ್ತದೆ. ಆಲ, ಅರಳಿ ಗೋಡೆಯ ಹತ್ತಿರ ಸುಳಿಯಬಾರದು. ಹಕ್ಕಿ ತಂದ ಬೀಜ ಸಂದಿನಲ್ಲಿ ಮೊಳೆತರೆ ಎರಡೆಲೆ ಇರುವಾಗಲೇ ಕೀಳಿ. ಮೀಟರ್ ಉದ್ದಗಲ ಆಳದ ಗುಂಡಿ, ಜೂನ್ ಮಳೆ ಹಿಡಿದ ಮೇಲೆ ನೆಡುವುದು, ಮೂರು ಬೇಸಿಗೆ ನೀರು. ನೆಡುವಾಗಲೇ ಮರ ಬೆಳೆದ ಅಗಲ ಊಹಿಸಿ ಜಾಗ ಬಿಡಿ, ಬೆಳೆದ ಮೇಲೆ ಕಡಿಯಲು ವೃಕ್ಷ ಪ್ರಾಧಿಕಾರದ ಅನುಮತಿ ಬೇಕಾಗುತ್ತದೆ.

ಕಾರ್ಯಕ್ರಮದ ನಂತರ ಕುಂಕುಮ, ಎಣ್ಣೆ ಕಲೆ ಹೋಗುತ್ತಿಲ್ಲ. (ಮಡಗಾಂವ್)

ಕುಂಕುಮವನ್ನು ಮೊದಲು ಒಣ ಬ್ರಶ್‌ನಿಂದ ತೆಗೆಯಿರಿ, ನೀರು ಹಾಕಿದರೆ ಬಣ್ಣ ಕಲ್ಲಿನೊಳಗೆ ಇಳಿಯುತ್ತದೆ. ಎಣ್ಣೆಗೆ ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ದಪ್ಪ ಲೇಪ ಹಾಕಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಟ್ಟು ಕೆರೆಯಿರಿ. ಒಂದೆರಡು ಸಲ ಮಾಡಬೇಕಾಗಬಹುದು. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಹತ್ತಿರ ದೀಪ, ಬೀಡಿ ಇರಕೂಡದು. ಬಣ್ಣ ತುಂಬಿದ ಅಕ್ಷರಕ್ಕೆ ತಾಗಿದರೆ ಬಣ್ಣವೂ ಎದ್ದುಬರುತ್ತದೆ. ಮುಂದಿನ ಸಲ ಗೋಡೆಯಿಂದ ಒಂದು ಮೀಟರ್ ಈಚೆಗೆ ಹೂಗುಚ್ಛಕ್ಕೆ ಸ್ಟೀಲಿನ ಸ್ಟ್ಯಾಂಡು, ದೀಪಕ್ಕೆ ಮರಳು ತುಂಬಿದ ತಟ್ಟೆ, ಕಾಯಿ ಒಡೆಯಲು ಬೇರೆ ಕಲ್ಲು ಇಡಿ.